ಕ್ಯಾಪ್ಟನ್ ನೆಕ್ಸ್ಟ್

ಮೈಸೂರಿನ ಮೆಡಿಕಲ್ ಹಾಸ್ಟೆಲ್ಲಿನಲ್ಲಿ ಅಡ್ಡಹೆಸರಿಲ್ಲದೆ ಓದು ಮುಗಿಸಿದ ಏಕೈಕ ಪ್ರಾಣಿ ಎಂದರೆ ಟಿ. ಎಸ್. ಅಶ್ವತ್ಥ. ಅಲ್ಲಿ ದಪ್ಪಗಿದ್ದವನು ಬೋಂಡ, ಒಣಗಿದ್ದವನು ಕಡ್ಡಿ, ಮಾತೆತ್ತಿದರೆ ಮೂಗಿನಲ್ಲಿ ರಾಗ ಎಳೆಯುತ್ತಿದ್ದವನು ಪಿಟೀಲು. ಮೆಸ್ಸಿನ ಭಟ್ಟರಿಗೂ ಒಂದು ಹೆಸರಿತ್ತು, ಅದನ್ನು ಇಲ್ಲಿ ಬರೆಯುವ ಹಾಗಿಲ್ಲ. ಅಶ್ವತ್ಥನನ್ನು ಮಾತ್ರ ಎಲ್ಲರೂ ಹಾಜರಿ ಕೂಗಿದ ಹಾಗೆ 'ಟಿ. ಎಸ್.' ಎಂದೇ ಕರೆದರು. ಅಡ್ಡಹೆಸರು ಅಂಟಬೇಕಾದರೆ ಮನುಷ್ಯನಲ್ಲಿ ಕಣ್ಣಿಗೆ ಬೀಳುವಂಥದ್ದು ಏನಾದರೂ ಇರಬೇಕಲ್ಲ! ಅದು ತನ್ನಲ್ಲಿಲ್ಲ ಎಂಬ ಸಂಗತಿ ಅವನನ್ನು ಒಳಗೊಳಗೇ ಕೊರೆಯುತ್ತಿತ್ತು. ಅದನ್ನು ಯಾರಿಗೂ ಹೇಳಿಕೊಳ್ಳಲಿಲ್ಲ ಅಷ್ಟೆ.

ಅಪ್ಪ ಅಮ್ಮ ಇಟ್ಟ ಹೆಸರಿಗೇನೂ ಕೊರತೆಯಿರಲಿಲ್ಲ. ಬಹಳ ಕಾಲ ಮಕ್ಕಳಾಗದ ತಾಯಿ ತಿಪಟೂರಿನ ಅರಳಿಕಟ್ಟೆಗೆ ಒದ್ದೆ ಸೀರೆಯಲ್ಲಿ ಪ್ರದಕ್ಷಿಣೆ ಹಾಕಿ ಪಡೆದ ಮಗ ಅವನು. ಆ ಮರದ ಹೆಸರನ್ನೇ ಇಟ್ಟಳು. ಆದರೆ ಅದು ತೊಟ್ಟಿಲಲ್ಲಿ ಕೊಟ್ಟ ಹೆಸರು. ಅಡ್ಡಹೆಸರು ನಾಲ್ಕು ಜನರ ನಡುವೆ ಬದುಕಿ ಗಳಿಸಬೇಕಾದದ್ದು.

ಹೀಗಾಗಿ ಸಾವಿರದ ಒಂಬೈನೂರ ಅರವತ್ತೊಂಬತ್ತರಲ್ಲಿ, ಉತ್ತರ ಕೆರೊಲಿನಾದ ಒಂದು ಸೇನಾ ನೆಲೆಯಲ್ಲಿ, ಅಮೆರಿಕದ ಸಿಪಾಯಿಗಳು ತನಗೊಂದು ಅಡ್ಡಹೆಸರು ಇಟ್ಟಿದ್ದಾರೆ ಎಂದು ತಿಳಿದಾಗ ಅಶ್ವತ್ಥ ಹಿಗ್ಗಿ ಹೀರೇಕಾಯಿಯಾದ.

ಪುಳಿಯೋಗರೆ ತಿಂದು ಬೆಳೆದವನು ಸೇನೆಗೆ ಹೇಗೆ ಬಂದ ಎಂದು ಕೇಳಬಹುದು. ಅವನಾಗಿ ಬರಲಿಲ್ಲ. ಅದೇ ರಾಜ್ಯದ ಡರ್ಹಮ್‌ನ ಆಸ್ಪತ್ರೆಯಲ್ಲಿ ತರಬೇತಿ ಮುಗಿಸಿ, ಹಸಿರು ಕಾರ್ಡು ಕೈಗೆ ಬಂತೆಂದು ಖುಷಿಪಡುವಷ್ಟರಲ್ಲಿ ಅದರ ಹಿಂದೆಯೇ ಸರ್ಕಾರದ ಕರೆಯೂ ಬಂತು. ಈ ದೇಶದಲ್ಲಿ ನೆಲೆಸುವ ಹಕ್ಕು ಪಡೆದ ವೈದ್ಯ, ವಯಸ್ಸು ಮೂವತ್ತೈದರೊಳಗಿದ್ದರೆ, ಸೇನೆ ಕರೆದಾಗ ಹೋಗಬೇಕು. ವಿಯೆಟ್ನಾಂ ಯುದ್ಧಕ್ಕೆ ಡಾಕ್ಟರುಗಳು ಸಾಲುತ್ತಿರಲಿಲ್ಲ. ಎರಡು ವರ್ಷ ಸೇವೆ ಮಾಡಿದರೆ ಪೌರತ್ವ ಬೇಗ ಸಿಗುತ್ತದೆ ಎಂದು ಅಧಿಕಾರಿಯೊಬ್ಬ ಸಮಾಧಾನ ಹೇಳಿದ. ಹಾಗೆ ತಿಪಟೂರು ಸೀತಾರಾಮಯ್ಯನವರ ಮಗ ಕ್ಯಾಪ್ಟನ್ ಅಶ್ವತ್ಥನಾಗಿ, ಎದೆಯ ಮೇಲೆ ಯಾರಿಗೂ ಉಚ್ಚರಿಸಲಾಗದ ಹೆಸರಿನ ಪಟ್ಟಿ ಹೊಲಿಸಿಕೊಂಡು, ಹೆಂಡತಿ ಊರ್ಮಿಳಾಳೊಂದಿಗೆ ಸೇನೆಯ ಪುಟ್ಟ ಮನೆಯಲ್ಲಿ ಸಂಸಾರ ಹೂಡಿದ.

ಅವನ ಕೆಲಸ ಸುಲಭದ್ದು. ವಿಯೆಟ್ನಾಂಗೆ ಹೊರಟ ಸಿಪಾಯಿಗಳನ್ನು ಕೊನೆಯ ಬಾರಿ ನೋಡಿ, ಆರೋಗ್ಯವಾಗಿದ್ದಾರೆ ಎಂದು ಸಹಿ ಹಾಕುವುದು. ಒಂದು ಉದ್ದ ಹಾಲ್, ಒಂದು ಮೇಜು, ಮೇಜಿನ ಆಚೆ ಬಾಗಿಲಿನ ತನಕ ಒಳಅಂಗಿಯಲ್ಲಿ ನಿಂತ ಹುಡುಗರ ಸಾಲು. ಒಬ್ಬನು ಮೇಜಿನ ಪಕ್ಕಕ್ಕೆ ಬಂದು ನಿಲ್ಲುತ್ತಾನೆ. ಅಶ್ವತ್ಥ ಅವನ ಎದೆಗೆ ಸ್ಟೆತಸ್ಕೋಪ್ ಇಟ್ಟು ತೆಗೆದು, ಕಾಗದದ ಕಡೆ ನೋಡುತ್ತಲೇ "ಏನಾದರೂ ತೊಂದರೆ ಇದೆಯಾ?" ಎಂದು ಕೇಳುತ್ತಾನೆ. ಹುಡುಗ ಉಸಿರೆಳೆದು ಬಿಡುವಷ್ಟು ಹೊತ್ತಿನಲ್ಲಿ ಮಾತಾಡಲಿಲ್ಲವೆಂದರೆ ತೊಂದರೆ ಇಲ್ಲ ಎಂದರ್ಥ. ಸಹಿ ಬೀಳುತ್ತದೆ. "ನೆಕ್ಸ್ಟ್!"

ಅಷ್ಟು ಬೇಗ ಸಾಲು ಕರಗಿಸುವ ಡಾಕ್ಟರು ಈ ನೆಲೆಗೆ ಬಂದೇ ಇರಲಿಲ್ಲ ಎಂದು ಮೇಲಿನವರು ಹೊಗಳಿದರು. ಒಂದು ದಿನ ಕಾಗದ ಜೋಡಿಸುತ್ತಿದ್ದ ಸಹಾಯಕ ನಗುತ್ತ, "ನಿಮಗೆ ಗೊತ್ತಾ ಸರ್, ಹುಡುಗರು ನಿಮ್ಮನ್ನ ಕ್ಯಾಪ್ಟನ್ ನೆಕ್ಸ್ಟ್ ಅಂತ ಕರೀತಾರೆ" ಎಂದ. ಆ ನಗು ಎಂಥದ್ದೆಂದು ಅಶ್ವತ್ಥ ಯೋಚಿಸಲಿಲ್ಲ. ಅವನ ಮನಸ್ಸು ಆಗಲೇ ಮೈಸೂರಿನ ಹಾಸ್ಟೆಲ್ಲಿಗೆ ಹಾರಿ, ಬೋಂಡ, ಕಡ್ಡಿ, ಪಿಟೀಲುಗಳ ಮುಂದೆ ಎದೆಯುಬ್ಬಿಸಿ ನಿಂತಿತ್ತು.

ಆ ಭಾನುವಾರ ಡರ್ಹಮ್‌ನಲ್ಲಿ ಕೃಷ್ಣಸ್ವಾಮಿಯ ಮನೆಯಲ್ಲಿ ಊಟ. ಕೃಷ್ಣಸ್ವಾಮಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ವಿಜ್ಞಾನಿ, ಅಶ್ವತ್ಥನಿಗಿಂತ ನಾಲ್ಕಾರು ವರ್ಷ ದೊಡ್ಡವನು. ಬಿಸಿಬೇಳೆಭಾತಿನ ಮೇಲೆ ತುಪ್ಪ ಬೀಳುವ ಮೊದಲೇ ಅಶ್ವತ್ಥ ತನ್ನ ಸುದ್ದಿ ಬಡಿಸಿಬಿಟ್ಟ.

"ಏನಯ್ಯಾ, ಕ್ಯಾಪ್ಟನ್ ನೆಕ್ಸ್ಟೇ! ಪ್ರಮೋಷನ್ನೇ ಸಿಕ್ಕಿದ ಹಾಗಾಯ್ತಲ್ಲೋ" ಎಂದು ಕೃಷ್ಣಸ್ವಾಮಿ ಹೊಟ್ಟೆ ಹಿಡಿದು ನಕ್ಕ.

"ಪ್ರೀತಿ ಇದ್ರೆ ತಾನೇ ಹೆಸರಿಡೋದು" ಎಂದ ಅಶ್ವತ್ಥ.

ಊರ್ಮಿಳಾ ಮಾತ್ರ, "ಅದ್ಯಾಕ್ರೀ ನೆಕ್ಸ್ಟ್ ಅಂತ?" ಎಂದಳು.

"ಕೆಲಸ ಬೇಗ ಮುಗಿಸ್ತೀನಲ್ಲ, ಅದಕ್ಕೆ."

ಊರ್ಮಿಳಾ ಮಹಾರಾಜ ಕಾಲೇಜಿನಲ್ಲಿ ಇತಿಹಾಸದ ಎಂ. ಎ. ಮಾಡಿದವಳು. ಅವಳ ಮನೆತನದಲ್ಲಿ ಯಾರೂ ಪಟಾಕಿಯನ್ನು ಬಿಟ್ಟರೆ ಬೇರೆ ಮದ್ದುಗುಂಡು ಮುಟ್ಟಿದವರಲ್ಲ. ಗಂಡ ಸಿಪಾಯಿಗಳ ನಡುವೆ ಹೋಗಿ ಬೀಳುತ್ತಲೂ ಅವಳಿಗೆ ಸಿಪಾಯಿ ಅಂದರೆ ಎಂಥ ಮನುಷ್ಯ ಎಂದು ತಿಳಿದುಕೊಳ್ಳುವ ಹಟ ಹುಟ್ಟಿತು. ನೆರೆಹೊರೆಯ ಹೆಂಗಸರನ್ನು ಕೇಳಬಹುದಿತ್ತು. ಆದರೆ ಎಂ. ಎ. ಮಾಡಿದವರು ಪುಸ್ತಕದ ಮೂಲಕವಲ್ಲದೆ ಪಕ್ಕದ ಮನೆಗೂ ಹೋಗುವುದಿಲ್ಲ. ಅಂದು ಕೃಷ್ಣಸ್ವಾಮಿಯ ಕಾರ್ಡಿನಲ್ಲಿ ವಿಶ್ವವಿದ್ಯಾಲಯದ ಲೈಬ್ರರಿಯಿಂದ ರೋಮನ್ನರ ಸೇನೆಯ ಮೇಲಿನ ಒಂದು ದಪ್ಪ ಪುಸ್ತಕ ತಂದಳು. ಗೊಡ್ಡು ಸಾರು ಕುದಿಯುವಾಗಲೂ ಅದು ಒಲೆಯ ಪಕ್ಕದಲ್ಲಿ ತೆರೆದಿರುತ್ತಿತ್ತು.

ಗುರುವಾರ ಸಂಜೆ ಅಶ್ವತ್ಥ ಮನೆಗೆ ಬಂದು, ಬೂಟು ಬಿಚ್ಚಿ, ತಟ್ಟೆಯ ಮುಂದೆ ಕೂತಾಗ ಅವಳಿಗೆ ಹೇಳಿ ಮುಗಿಯದಷ್ಟು ಸುದ್ದಿಯಿತ್ತು.

"ರೀ, ಆ ರೋಮನ್ ಸಿಪಾಯಿ ಸತ್ರೆ ಕಲ್ಲಿನ ಮೇಲೆ ಏನು ಕೆತ್ತುತ್ತಿದ್ರು ಗೊತ್ತಾ? ಅವನ ಹೆಸರು, ಇಂಥವರ ಮಗ, ಇಂಥ ಕುಲ, ಇಂಥ ಊರು. ಥೇಟ್ ನೀವು ಗೋತ್ರ ಸೂತ್ರ ಹೇಳಿ ದೊಡ್ಡವರ ಕಾಲಿಗೆ ಬೀಳ್ತೀರಲ್ಲ, ಹಾಗೆ."

"ಹಾಗಾದ್ರೆ ನಮ್ಮೋರೇ ಬಿಡು."

"ಕೇಳಿ ಇಲ್ಲಿ. ನಿಮ್ಮಂಥ ಹೊರಗಿನೋರೂ ಆ ಸೇನೆಗೆ ಸೇರ್ತಿದ್ರಂತೆ. ಸೇರಿದಾಗ ಎಷ್ಟೋ ಜನಕ್ಕೆ ಹೊಸ ಲ್ಯಾಟಿನ್ ಹೆಸರು. ಇಪ್ಪತ್ತೈದು ವರ್ಷ ದುಡಿದ್ರೆ ಪೌರತ್ವ."

"ನನಗೆ ಎರಡೇ ವರ್ಷ. ಅಮೆರಿಕನೇ ವಾಸಿ."

ಊರ್ಮಿಳಾ ನಕ್ಕು ಅನ್ನಕ್ಕೆ ಸಾರು ಬಡಿಸಿದಳು. ಆಮೇಲೆ ರೋಮನ್ನರ ಅಡ್ಡಹೆಸರುಗಳ ಸರದಿ. ಒಬ್ಬ ಮೆಳ್ಳಗಣ್ಣ, ಒಬ್ಬ ಬೋಳ, ಒಬ್ಬ ತೊದಲ, ಒಬ್ಬ ಸೊಟ್ಟಗಾಲ. ಮೊದಲು ಯಾರೋ ಆಡಿಕೊಂಡು ಇಟ್ಟದ್ದು, ಆಮೇಲೆ ಮಕ್ಕಳು ಮೊಮ್ಮಕ್ಕಳಿಗೂ ಅದೇ ಹೆಸರು. ದೊಡ್ಡ ದೊಡ್ಡ ಮನೆತನದವರೂ ಆ ಹೆಸರು ಹೊತ್ತುಕೊಂಡೇ ಮೆರೆದರಂತೆ.

"ಇದು ಹೆಸರಿನ ಪಟ್ಟಿ ಅಲ್ಲ ಕಣೆ, ಹೊರರೋಗಿಗಳ ವಿಭಾಗದ ರಿಜಿಸ್ಟರು" ಎಂದು ಅಶ್ವತ್ಥ ಗಹಗಹಿಸಿದ. "ಡಾಕ್ಟರೇ ಬೇಡ ಇವರಿಗೆ. ರೋಗ ಏನೂಂತ ಹೆಸರೇ ಹೇಳತ್ತೆ."

"ಸಿಪಾಯಿಗಳ ಕಣ್ಣು ಅಂದ್ರೆ ಹಾಗೆ ಅಂತೆ. ಜೊತೇಲಿ ಮಲಗಿ ಜೊತೇಲಿ ಏಳೋರು, ಒಬ್ಬರದ್ದು ಇನ್ನೊಬ್ಬರಿಗೆ ಗೊತ್ತಾಗದೆ ಇರತ್ತಾ? ಮೇಲಿನೋರನ್ನೂ ಬಿಡ್ತಿರಲಿಲ್ಲ. ಒಬ್ಬ ದಳಪತಿ ಇದ್ದನಂತೆ. ದಳಪತಿಗಳ ಕೈಯಲ್ಲಿ ದ್ರಾಕ್ಷಿ ಬಳ್ಳಿಯ ಬೆತ್ತ ಇರ್ತಿತ್ತು, ಅದು ಅಧಿಕಾರದ ಗುರುತು. ಇವನು ಸಿಪಾಯಿಗಳ ಬೆನ್ನ ಮೇಲೆ ಅದು ಮುರಿಯೋ ತನಕ ಹೊಡೆಯೋನು. ಮುರಿದ ತಕ್ಷಣ ‘ಇನ್ನೊಂದು ತಾ' ಅಂತ ಕೂಗೋನು. ಅದೂ ಮುರಿದ್ರೆ ಮತ್ತೆ ‘ಇನ್ನೊಂದು ತಾ'. ಅದಕ್ಕೆ ಅವರು ಅವನಿಗೆ ಇಟ್ಟಿದ್ದ ಹೆಸರೇ ‘ಇನ್ನೊಂದು ತಾ'. ಕೊನೆಗೆ ದಂಗೆ ಎದ್ದಾಗ ಮೊದಲು—"

ಮಾತು ಅಲ್ಲಿಗೇ ನಿಂತಿತು. ಅವಳು ಬೇಕೆಂದು ಹೇಳಿದ್ದಲ್ಲ. ತಮಾಷೆ ಎಂದು ಶುರು ಮಾಡಿದ ಕಥೆ ತನ್ನ ಮನೆಯ ಊಟದ ಮೇಜಿಗೇ ಬಂದು ಕೂತದ್ದು ಅವಳಿಗೆ ಅರ್ಧದಲ್ಲಿ ಗೊತ್ತಾಯಿತು. ನಾಲಿಗೆ ಕಚ್ಚಿಕೊಂಡಳು. ಅಶ್ವತ್ಥನ ಕೈ ಅನ್ನದಲ್ಲೇ ಉಳಿಯಿತು.

"ಮೊದಲು ಏನು ಮಾಡಿದ್ರು?" ಎಂದ.

"ಕೊಂದ್ರು" ಎಂದಳು ಮೆಲ್ಲಗೆ. "ರೀ, ಅದು ಎರಡು ಸಾವಿರ ವರ್ಷದ ಹಿಂದಿನ ಮಾತು. ನೀವೇನು ಯಾರಿಗೂ ಹೊಡೆದಿಲ್ಲ."

"ಇಲ್ಲ. ಹೊಡೆದಿಲ್ಲ."

ಅವನಿಗೆ ಸಹಾಯಕನ ನಗು ಈಗ ಅರ್ಥವಾಯಿತು. ಪ್ರೀತಿ ಎಂದುಕೊಂಡು ಊರೆಲ್ಲ ಹಂಚಿಕೊಂಡು ಬಂದಿದ್ದು ಏನನ್ನು! ನಾಚಿಕೆಯಿಂದ ಕಿವಿ ಬಿಸಿಯಾಯಿತು. ಕಿವಿ ಎಂದುಕೊಂಡಾಗಲೇ ಅಂದು ಮಧ್ಯಾಹ್ನದ ಒಬ್ಬ ಹುಡುಗ ನೆನಪಾದ.

ಬೆಳ್ಳನೆಯ, ಎಲುಬು ಕಾಣುವ ಹುಡುಗ. ಮೇಜಿನ ಪಕ್ಕಕ್ಕೆ, ಎಡಗಿವಿ ಅಶ್ವತ್ಥನ ಕಡೆಯಾಗುವಂತೆ ಬಂದು ನಿಂತಿದ್ದ. ಏನಾದರೂ ತೊಂದರೆ ಇದೆಯಾ ಎಂದು ಕೇಳಿದಾಗ ಗೋಡೆ ನೋಡುತ್ತಿದ್ದ. ಉತ್ತರವಿಲ್ಲ. ಸಹಿ ಬಿತ್ತು. 'ನೆಕ್ಸ್ಟ್' ಎಂದಾಗಲೂ ಅಲುಗಲಿಲ್ಲ. ಎರಡನೆಯ ಸಲ ಜೋರಾಗಿ ಕೂಗಿದಾಗ ಹಿಂದಿನವನು ಅವನ ತೋಳು ತಿವಿದ. ಆಗ ಆ ಹುಡುಗ ಕತ್ತನ್ನು ಪೂರ್ತಿ ಇತ್ತ ಹೊರಳಿಸಿ, ಬಲಗಿವಿಯನ್ನು ಮುಂದೆ ಚಾಚಿ, "ಸರ್?" ಎಂದಿದ್ದ. ಎಂಥ ಉದ್ಧಟ ಎಂದು ಅಶ್ವತ್ಥ ಸಿಡುಕಿ ಕೈಯಾಡಿಸಿ ಕಳಿಸಿದ್ದ.

ಉದ್ಧಟತನವಲ್ಲ. ಮೊದಲ ವರ್ಷದ ವಿದ್ಯಾರ್ಥಿಗೂ ತಿಳಿಯುವ ವಿಷಯ. ಕೇಳುವ ಕಿವಿಯನ್ನು ತಿರುಗಿಸುತ್ತಿದ್ದ ಹುಡುಗ, ಇವನು ಕೇಳಿದ ಪ್ರಶ್ನೆಯನ್ನೇ ಕೇಳಿಸಿಕೊಂಡಿರಲಿಲ್ಲ. ಆ ಮೌನಕ್ಕೆ ಇವನು ಸಹಿ ಹಾಕಿದ್ದ.

"ಒಂದು ಕಿವಿ ಕೇಳಿಸದ ಹುಡುಗನ್ನ ಕಾಡಿನ ಯುದ್ಧಕ್ಕೆ ಕಳಿಸ್ತಿದೀನಿ ಊರ್ಮಿಳಾ" ಎಂದ. "ಯಾವ ದಿಕ್ಕಿಂದ ಗುಂಡು ಬಂತೂಂತ ಅವನಿಗೆ ಗೊತ್ತಾಗಲ್ಲ."

"ಫೋನ್ ಮಾಡಿ ಹೇಳಿ ಈಗಲೇ. ಅವನ ಹೆಸರೇನು?"

ಅಶ್ವತ್ಥ ಬಾಯಿ ತೆರೆದ. ಹೆಸರು ಅವನ ಕಣ್ಣೆದುರಿನ ಕಾಗದದಲ್ಲೇ ಇತ್ತು, ಅದರ ಕೆಳಗೇ ಸಹಿ ಮಾಡಿದ್ದ. ಒಂದು ಅಕ್ಷರ ನೆನಪಿಲ್ಲ. ಕಾಗದಗಳೆಲ್ಲ ಸಂಜೆಯೇ ತುಕಡಿಯ ಜೊತೆ ಸೇರಿಕೊಂಡಿದ್ದವು. ತುಕಡಿ ಬೆಳಿಗ್ಗೆ ಬಸ್ಸು ಹತ್ತುತ್ತದೆ.

"ಗೊತ್ತಿಲ್ಲ" ಎಂದ.

ಬೆಳಗಿನ ಮಂಜಿನಲ್ಲಿ ಪೈನ್ ಮರಗಳ ಕೆಳಗೆ ಬಸ್ಸುಗಳು ಗುರುಗುಡುತ್ತ ನಿಂತಿದ್ದವು. ಹುಡುಗರು ಹೆಗಲಿಗೆ ಚೀಲ ಹಾಕಿಕೊಂಡು ಸಾಲಾಗಿ ನಿಂತಿದ್ದರು. ಒಂದೇ ಬಟ್ಟೆ, ಒಂದೇ ಟೋಪಿ. ಅಶ್ವತ್ಥ ಸಾಲಿನ ಉದ್ದಕ್ಕೂ ನೋಡಿದ. ಬಟ್ಟೆ ತೊಟ್ಟ ಮೇಲೆ ಎಲ್ಲ ಮುಖಗಳೂ ಒಂದೇ ಮುಖವಾಗಿದ್ದವು. ನಿನ್ನೆ ಇವರಲ್ಲಿ ಪ್ರತಿಯೊಬ್ಬನೂ ಅವನಿಂದ ಒಂದು ತೋಳಿನ ದೂರದಲ್ಲಿ ನಿಂತಿದ್ದ.

ಸಾರ್ಜೆಂಟ್ ಟಾಲ್ಬರ್ಟ್ ಎಂಬ ದೈತ್ಯ ಕರಿಯ ಮನುಷ್ಯ ಸೆಲ್ಯೂಟ್ ಹೊಡೆದ. ಒಬ್ಬನನ್ನು ಮತ್ತೆ ಪರೀಕ್ಷಿಸಬೇಕು ಎಂದು ಅಶ್ವತ್ಥ ಹೇಳಿದ.

"ಹೆಸರು ಹೇಳಿ ಸರ್, ಕರೆಸ್ತೀನಿ."

"ಹೆಸರು ಗೊತ್ತಿಲ್ಲ."

ಟಾಲ್ಬರ್ಟ್ ಕೈಯಲ್ಲಿದ್ದ ಹೆಸರಿನ ಪಟ್ಟಿಯನ್ನು ಮಡಿಸಿಕೊಂಡ. ಸಾಲಿನಲ್ಲಿ ಯಾರೋ ಮೆಲ್ಲಗೆ "ಕ್ಯಾಪ್ಟನ್ ನೆಕ್ಸ್ಟ್" ಎಂದದ್ದೂ, ಯಾರೋ ಕಿಸಕ್ಕೆಂದದ್ದೂ ಕೇಳಿಸಿತು. ಅಶ್ವತ್ಥನಿಗೆ ಮಾನ ಮರ್ಯಾದೆಯ ಲೆಕ್ಕ ಆಗ ಉಳಿದಿರಲಿಲ್ಲ. ಸಾಲಿನ ಎದುರು ನಿಂತು, ಟೋಪಿ ತೆಗೆದು, ಆ ಹುಡುಗ ಮಾಡಿದ ಹಾಗೆಯೇ ಕತ್ತನ್ನು ಪೂರ್ತಿ ಹೊರಳಿಸಿ ಬಲಗಿವಿಯನ್ನು ಮುಂದೆ ಚಾಚಿ ತೋರಿಸಿದ.

"ಹೀಗೆ ಮಾಡ್ತಾನೆ. ಯಾರು ಅವನು?"

ಸಾಲಿಗೆ ಸಾಲೇ ನಕ್ಕಿತು. "ಔಲ್!" ಎಂದು ಮೂರು ನಾಲ್ಕು ಕಡೆಯಿಂದ ಕೂಗು ಬಂತು. "ಅವನು ನಮ್ಮ ಔಲ್, ಸರ್!"

ಗೂಬೆ. ದೇಹ ನಿಂತಲ್ಲೇ ನಿಂತು ಕತ್ತು ಮಾತ್ರ ಹಿಂದಕ್ಕೆ ಹೊರಳುವ ಹಕ್ಕಿ. ಡಾಕ್ಟರು ಕಾಣದ ರೋಗವನ್ನು ಹುಡುಗರು ಎಂದೋ ಕಂಡು ಹೆಸರಿಟ್ಟು ಕರೆಯುತ್ತಿದ್ದರು. ಅವರಿಗೆ ಅದು ರೋಗವೆಂದು ತಿಳಿದಿರಲಿಲ್ಲ, ಅವನ ಚಾಳಿ ಎಂದುಕೊಂಡಿದ್ದರು ಅಷ್ಟೆ.

ಇಷ್ಟು ಕೂಗಾಟದಲ್ಲೂ ಸಾಲಿನ ಕೊನೆಯ ಹುಡುಗ ಎದುರಿಗೆ ನೋಡುತ್ತ ನಿಂತೇ ಇದ್ದ. ಪಕ್ಕದವನು ತೋಳು ಜಗ್ಗಿದ ಮೇಲೆ ಕತ್ತು ಹೊರಳಿತು. ಮುಂದೆ ಬಂದು ಸೆಲ್ಯೂಟ್ ಮಾಡಿದ.

"ಸಹಿ ಆಗಿರೋ ಕಾಗದ ಇದೆ ಸರ್. ಸುಮ್ಮನೆ ಇಳಿಸೋ ಹಾಗಿಲ್ಲ" ಎಂದ ಟಾಲ್ಬರ್ಟ್.

"ಸಹಿ ನನ್ನದೇ. ನೋಡಿ." ಅಶ್ವತ್ಥ ಹುಡುಗನ ಬಲಗಿವಿಯನ್ನು ತನ್ನ ಅಂಗೈಯಿಂದ ಮುಚ್ಚಿ, ಎಡಬದಿಗೆ ಹಿಂದೆ ನಿಂತು, ಸಾಮಾನ್ಯ ದನಿಯಲ್ಲಿ ಕೇಳಿದ. "ನಿನ್ನ ಹೆಸರೇನಪ್ಪಾ?"

ಎಲ್ಲರಿಗೂ ಕೇಳಿಸಿತು. ಸಾಲಿನ ನಗು ನಿಂತಿತು. ಹುಡುಗ ಮಾತ್ರ ಬಸ್ಸನ್ನು ನೋಡುತ್ತ ಕಾಯುತ್ತಿದ್ದ, ಏನಾದರೂ ಕೇಳುತ್ತಾರೇನೋ ಎಂದು. ಅಶ್ವತ್ಥ ಮತ್ತೆ ಕೇಳಿದ. ಹುಡುಗನ ಕಣ್ಣು ಬಸ್ಸಿನ ಮೇಲೇ ಇತ್ತು. ಟಾಲ್ಬರ್ಟ್ ತಲೆ ತಗ್ಗಿಸಿದ. ಈ ಹುಡುಗ ಎಷ್ಟೋ ಸಲ ಆಜ್ಞೆ ಮೀರಿದನೆಂದು ತಾನು ಅವನಿಗೆ ಶಿಕ್ಷೆ ಕೊಟ್ಟದ್ದು ಅವನಿಗೆ ನೆನಪಾಗಿರಬೇಕು.

ಅಶ್ವತ್ಥ ಕೈ ತೆಗೆದು, ಸುತ್ತಿಕೊಂಡು ಎದುರಿಗೆ ಬಂದು, ಹುಡುಗನ ಕಣ್ಣು ನೋಡಿ ಅದನ್ನೇ ಕೇಳಿದ.

"ಸ್ಟೇಮಿ ಸರ್. ಎಲ್ಬರ್ಟ್ ಸ್ಟೇಮಿ."

"ತಂದೆಯ ಹೆಸರು?"

ಸೇನೆಯಲ್ಲಿ ಇದನ್ನು ಯಾರೂ ಹೀಗೆ ಕೇಳಿರಲಿಲ್ಲವೇನೋ, ಹುಡುಗ ಗಲಿಬಿಲಿಗೊಂಡ. "ರಾಯ್ ಸ್ಟೇಮಿ, ಸರ್."

"ಊರು?"

"ಸ್ಪ್ರೂಸ್ ಪೈನ್. ಇಲ್ಲೇ ಮೇಲೆ, ಬೆಟ್ಟದಲ್ಲಿ."

ತರಬೇತಿಯಲ್ಲಿ ಪಕ್ಕದಲ್ಲೇ ಸ್ಫೋಟವಾದಂದಿನಿಂದ ಎಡಗಿವಿಯಲ್ಲಿ ಬರೀ ಜೀರುಂಡೆ ಸದ್ದು, ಹೋಗುತ್ತದೆ ಎಂದುಕೊಂಡಿದ್ದೆ ಎಂದ. ಯಾರಿಗೂ ಯಾಕೆ ಹೇಳಲಿಲ್ಲ ಎಂದರೆ, "ಯಾರೂ ಕೇಳಲಿಲ್ಲ ಸರ್" ಎಂದ. ಅದರಲ್ಲಿ ದೂರು ಇರಲಿಲ್ಲ. ಅವನ ಮಟ್ಟಿಗೆ ಅದು ನಿಜ. ಅಶ್ವತ್ಥ ಕಾಗದ ತರಿಸಿ ತನ್ನ ಸಹಿಯ ಮೇಲೆ ಗೆರೆ ಎಳೆದ.

ಉಳಿದುಕೊಂಡೆ ಎಂದು ಹುಡುಗ ಕುಣಿಯುತ್ತಾನೆ ಎಂದುಕೊಂಡಿದ್ದರೆ ಅದು ಅಶ್ವತ್ಥನ ಇನ್ನೊಂದು ತಪ್ಪು. ಸ್ಟೇಮಿಯ ಮುಖ ಸಪ್ಪಗಾಯಿತು. "ಅವರೆಲ್ಲ ಹೋಗ್ತಿದಾರಲ್ಲ ಸರ್" ಎಂದ. ಚೀಲ ಕೆಳಗಿಟ್ಟು, ಅದರ ಪಕ್ಕದಲ್ಲಿ ಏನು ಮಾಡಬೇಕೆಂದು ತಿಳಿಯದೆ ನಿಂತ. ಗೂಬೆ ಎಂದು ಅವನನ್ನು ಕರೆಯುವವರು ಒಬ್ಬೊಬ್ಬರಾಗಿ ಬಸ್ಸು ಹತ್ತುತ್ತಿದ್ದರು.

ಬಸ್ಸು ಅವನ ಎಡಗಡೆಯಿಂದ ಹಾದುಹೋಯಿತು. ಕಿಟಕಿಗಳಲ್ಲಿ ಕೈಗಳು ಹೊರಬಂದವು. "ಔಲ್! ಹೇ, ಔಲ್!" ಎಂದು ಗಂಟಲು ಹರಿಯುವಂತೆ ಕೂಗಿದರು. ಅವನು ತನ್ನ ಬೂಟುಗಳನ್ನೇ ನೋಡುತ್ತ ನಿಂತಿದ್ದ. ಅಶ್ವತ್ಥ ಓಡಿಹೋಗಿ ಅವನ ಭುಜ ಹಿಡಿದು ಬಸ್ಸಿನ ಕಡೆ ತಿರುಗಿಸಿದ. ಹುಡುಗ ಕೈ ಎತ್ತಿದ. ಬಸ್ಸು ಪೈನ್ ಮರಗಳ ಆಚೆ ಹೋಗುವ ತನಕ ಆ ಕೈ ಕೆಳಗಿಳಿಯಲಿಲ್ಲ.

ಅಂದು ಹಾಲ್‌ನಲ್ಲಿ ಮತ್ತೊಂದು ತುಕಡಿಯ ಸಾಲು ಕಾಯುತ್ತಿತ್ತು. ಅಶ್ವತ್ಥ ಮೇಜಿನ ಎದುರಿಗೊಂದು ಕುರ್ಚಿ ಹಾಕಿಸಿದ. ಮೊದಲನೆಯವನು ಕೂತ. ಸಹಾಯಕ ಕಾಗದ ಮುಂದೆ ಚಾಚಿದಾಗ ಅದನ್ನು ಪಕ್ಕಕ್ಕೆ ಸರಿಸಿ, ಹುಡುಗನ ಮುಖ ನೋಡುತ್ತ, "ನಿನ್ನ ಸ್ನೇಹಿತರು ನಿನ್ನನ್ನ ಏನಂತ ಕರೀತಾರೆ?" ಎಂದ.

ಹುಡುಗ ಸಹಾಯಕನ ಮುಖ ನೋಡಿದ, ಇದೇನು ಹೊಸ ಪರೀಕ್ಷೆ ಎಂಬಂತೆ. "ಕ್ರ್ಯಾಬ್ ಅಂತಾರೆ, ಸರ್." ಎಂದರೆ ಏಡಿ.

"ಎದ್ದು ಬಾಗಿಲ ತನಕ ನಡೆದು ತೋರಿಸು."

ಮಧ್ಯಾಹ್ನವಾದರೂ ಸಾಲು ಅರ್ಧವೂ ಕರಗಿರಲಿಲ್ಲ. ಮೇಲಿನಿಂದ ಎರಡು ಸಲ ಫೋನ್ ಬಂತು. ಹುಡುಗರೇನೂ ಅವನ ಹೆಸರು ಬದಲಾಯಿಸಲಿಲ್ಲ. ಒಂದು ಬೆಳಗಿನಲ್ಲಿ ಒಳ್ಳೆಯವನಾದ ಮಾತ್ರಕ್ಕೆ ಅಂಟಿದ್ದು ಉದುರಿಬಿಡುತ್ತದೆಯೇ? ಸೇನೆ ಬಿಡುವ ತನಕವೂ ಅವನು ಕ್ಯಾಪ್ಟನ್ ನೆಕ್ಸ್ಟ್ ಆಗಿಯೇ ಇದ್ದ.

ಸಂಜೆ ಊರ್ಮಿಳಾ ಬಾಗಿಲಲ್ಲೇ ಕಾಯುತ್ತಿದ್ದಳು. ರೋಮನ್ನರ ಪುಸ್ತಕ ಒಲೆಯ ಪಕ್ಕದಲ್ಲಿರಲಿಲ್ಲ. ಅವನ ಕಣ್ಣಿಗೆ ಬೀಳದಿರಲೆಂದು ಎಲ್ಲೋ ಎತ್ತಿಟ್ಟಿದ್ದಳು.

"ಸಿಕ್ಕಿದನಾ?"

"ಸಿಕ್ಕಿದ. ಇಲ್ಲೇ ಇರ್ತಾನೆ, ಆಸ್ಪತ್ರೆಯಲ್ಲಿ."

"ಸದ್ಯ, ದೇವರು ದೊಡ್ಡವನು. ಹೆಸರೇನಂತೆ?"

ಅಶ್ವತ್ಥ ಬೂಟು ಬಿಚ್ಚದೆ, ನಿಂತಲ್ಲೇ, ಉಪನಯನದಂದು ಕಲಿಸಿದ್ದನ್ನು ಒಪ್ಪಿಸುವವನ ಹಾಗೆ ಹೇಳಿದ. "ಸ್ಪ್ರೂಸ್ ಪೈನ್ ಊರು, ರಾಯ್ ಸ್ಟೇಮಿಯ ಮಗ, ಎಲ್ಬರ್ಟ್ ಸ್ಟೇಮಿ. ಗೂಬೆ ಅಂತಲೂ ಕರೀತಾರೆ."

ಅವಳು ನಕ್ಕಳು. ಅವನು ನಗಲಿಲ್ಲ. ಕುರ್ಚಿಯಲ್ಲಿ ಕುಸಿದು ಕೂತು ಮುಖ ಮುಚ್ಚಿಕೊಂಡ. ಎಂಟು ತಿಂಗಳು ಆ ಹಾಲ್‌ನಲ್ಲಿ ಅವನೆದುರು ಬಂದು ನಿಂತು ಹೋದವರಲ್ಲಿ ಇನ್ನೊಬ್ಬನ ಹೆಸರನ್ನು ನೆನಪಿಸಿಕೊಳ್ಳಲು ಬೆಳಗಿನಿಂದ ಹೆಣಗಿದ್ದ. ಒಂದೂ ಸಿಕ್ಕಿರಲಿಲ್ಲ.

ಊರ್ಮಿಳಾ ಪಕ್ಕದಲ್ಲಿ ಕೂತು ಅವನ ಬೆನ್ನ ಮೇಲೆ ಕೈಯಿಟ್ಟಳು. "ಜನ ಆಡಿಕೊಳ್ತಾರೆ ರೀ. ಆ ಹೆಸರನ್ನ ಮನಸ್ಸಿಗೆ ಹಚ್ಚಿಕೋಬೇಡಿ."

"ಅದು ಅವರು ನನಗೆ ಇಟ್ಟಿದ್ದಲ್ಲ ಊರ್ಮಿಳಾ" ಎಂದ ಅಶ್ವತ್ಥ. "ಅವರಿಗೆಲ್ಲ ನಾನು ಇಟ್ಟಿದ್ದ ಹೆಸರು ಅದು."